ಮಣೆಯಡಿ ಸಿಕ್ಕ ನವಿಲು

ಶುಕ್ರವಾರದ ನೈವೇದ್ಯಕ್ಕೆ ಮಡಿಯಲ್ಲಿ ಬೇಯಿಸಿದ ಕಡಲೆಬೇಳೆಯ ಕಟ್ಟು ಬಸಿಯುತ್ತಿದ್ದೆ. ಆಗ ಮಗಳ ಫೋನು ಬಂತು. ಕರಕುಶಲ ಪ್ರದರ್ಶನಕ್ಕೆಂದು ಹಿಂದಿನ ಸಂಜೆಯೇ ಅವಳು ಸಂಭಾಜಿನಗರಕ್ಕೆ ಹೋಗಿದ್ದಳು.

“ಅವ್ವಾ, ಬರೇ ಫೋಟೋ ನೋಡಿ ನನ್ನ ನವಿಲು ಆರಿಸ್ಯಾರ! ನಾಳೆ ಮುಂಜಾನೆ ಇಲ್ಲಿ ಬೇಕು. ಪಪ್ಪಾ ಇವತ್ತ ಮಧ್ಯಾಹ್ನದ ಬಸ್ಸಿಗೆ ತರ್ಲಿ.”

ನವಿಲೆಂದರೆ ಚರ್ಮದ ಚೀಲದ ಮುಚ್ಚಳದ ಮೇಲೆ ಅವಳು ಉಬ್ಬಿಸಿದ ನವಿಲು. ನಾಶಿಕದ ನಮ್ಮ ಬಾಲ್ಕನಿಯೇ ಅವಳ ಕಾರ್ಖಾನೆ. ದೇವರ ಕೋಣೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಗಣಪತಿ ಮಾಡುತ್ತೇನೆಂದವಳಿಗೆ, “ದೇವರನ್ನ ಚರ್ಮದ ಮ್ಯಾಲೆ ಕೂಡಸ್ತಿ ಏನು?” ಎಂದು ಬೈದು ನವಿಲಿಗೆ ಒಪ್ಪಿಸಿದವಳೇ ನಾನು.

ಫೋನು ಹಿಡಿದೇ ಬಾಲ್ಕನಿಗೆ ಓಡಿದೆ. ಬೆಳಿಗ್ಗೆ, ಸ್ನಾನಕ್ಕೆ ಮುಂಚೆ, ಆ ಚರ್ಮ ಬೋರಲಾಗಿ ಬಿದ್ದಿದ್ದನ್ನು ಕಂಡಿದ್ದೆ. ಇನ್ನೂ ಹಸಿ, ಅಂಚೆಲ್ಲ ಸುರುಳಿ. ಅರೆ ಒಣಗಿದ ಹಪ್ಪಳ ಸೊಟ್ಟಗಾದರೆ ಮಣೆ ಹೇರಿ ಅಭ್ಯಾಸವಾದ ಕೈ. ಇದಕ್ಕೂ ಮಣೆ ಹೇರಿ, ಮೇಲೆ ನೀರು ತುಂಬಿದ ಕೊಡ ಇಟ್ಟಿದ್ದೆ. ಉಪಕಾರ ಮಾಡಿದೆನೆಂದೇ ತಿಳಿದಿದ್ದೆ!

ಚರ್ಮ ಮುಟ್ಟದೆ ಕೊಡ, ಮಣೆ ಎತ್ತಿ ನೋಡಿದರೆ ನವಿಲು ಚಪ್ಪಟೆ. ಫೋನಿನಲ್ಲೇ ಮಗಳಿಗೆ ಎಲ್ಲ ಹೇಳಿದೆ.

“ಅಗ ಆಯಿ!” ಸಿಟ್ಟು ಬಂದರೆ ಅವಳಿಗೆ ಮರಾಠಿಯೇ. “ಇದೊಂದೇ ಪೀಸ್ ಅದ ನಂದು! ಈಗ ನೀನೇ ಎಬ್ಬಿಸು.”

“ನಾನು ಮಡ್ಯಾಗ ಇದ್ದೀನಿ.”

“ಮತ್ತೊಮ್ಮೆ ಸ್ನಾನ ಮಾಡು!”

ಮಡಿ ಬಿಟ್ಟು ಕೆಲಸಕ್ಕೆ ಇಳಿಯಲೇಬೇಕಾಯಿತು. ಫೋನನ್ನು ಕಿಟಕಿಗೆ ಆನಿಸಿಟ್ಟು ಕೂತೆ. ಅವಳು ಹೇಳಿದಂತೆ ಚರ್ಮದ ಬೆನ್ನಿಗೆ ನೀರು ಚಿಮುಕಿಸಿ, ಉಬ್ಬು ನಿಲ್ಲಲೆಂದು ಅವಳು ಚರ್ಮದ ಪುಡಿ ಮತ್ತು ಗೋಂದು ಕಲಸಿ ತುಂಬಿದ ಹೂರಣವನ್ನು ಕೆರೆದು ತೆಗೆದೆ. ಗೋಂದು ಕಲ್ಲಾಗಿರಲಿಲ್ಲ, ದೇವರು ದೊಡ್ಡವನು. ಮಡಚಿದ ಕಂಬಳಿಯ ಮೇಲೆ ಅಂಗಾತ ಹಾಕಲು ಹೋದೆ.

“ಬೋರಲು, ಅವ್ವಾ! ಬೆನ್ನ ಕಡೆಯಿಂದ ಚಮಚದ ಬೆನ್ನಿಲೆ ಒತ್ತು. ಆಮ್ಯಾಲೆ ತಿರುವಿ ಹಾಕಿ, ನವಿಲಿನ ಸುತ್ತ ಮೊಂಡು ಕಡ್ಡಿಲೆ ತಗ್ಗಿಸು. ಸುತ್ತಲಿಂದು ತಗ್ಗದ ಹೊರತು ನಡುವಿಂದು ಎದ್ದು ಕಾಣೂದಿಲ್ಲ.”

ಒತ್ತಿದೆ, ತಿರುವಿದೆ, ತಗ್ಗಿಸಿದೆ. ಬೆರಳು ಮರಗಟ್ಟಿದವು. ಎದೆ ಎದ್ದಿತು, ಗರಿಗಳೂ ಎದ್ದವು, ಹಾಳಾದ ಜುಟ್ಟು ಮಾತ್ರ ಏಳಲೊಲ್ಲದು. ನಮ್ಮವರು ಬಗ್ಗಿ ನೋಡಿ, “ಕೋಳಿ ಛಲೋ ಆಗ್ಯದ,” ಎಂದರು. ಕಡ್ಡಿ ಎಸೆಯುವಷ್ಟು ಸಿಟ್ಟು ಬಂತು.

ಹೂರಣ ಮತ್ತೆ ತುಂಬಿ, ಫೋಟೋ ಕಳಿಸಿ ಕಾದೆ. ಮಗಳೇ ಫೋನು ಮಾಡಿದಳು.

“ಜುಟ್ಟು ನಾ ಇಲ್ಲೇ ಎಬ್ಬಸ್ತೀನಿ. ಕಳಸು.” ದನಿ ತಣ್ಣಗಾಗಿತ್ತು. “ಆ ಹಪ್ಪಳದ ಮಣೆ ಒಳಗ ಎತ್ತಿಡು, ಅವ್ವಾ.”

ಶಂಕರಪಾಳಿ ಡಬ್ಬಿ ಬರಿದು ಮಾಡಿ ಅದರಲ್ಲಿ ನವಿಲನ್ನಿಟ್ಟೆ. “ತೊಡಿ ಮ್ಯಾಲೇ ಇರ್ಲಿರಿ, ಅದರ ಮ್ಯಾಲೆ ಏನೂ ಹೇರಬ್ಯಾಡ್ರಿ,” ಎಂದೆ. ಹೇರಿದವಳೇ ಹೇಳುತ್ತಿದ್ದಾಳೆಂದು ನಗುತ್ತ ಅವರು ಬಸ್ಸಿಗೆ ಹೊರಟರು.

ಬಿಸಿನೀರು ಇನ್ನೂ ಒಂದು ಬಕೆಟ್ ಉಳಿದಿತ್ತು, ಪುಣ್ಯ. ಮತ್ತೊಮ್ಮೆ ತಲೆಗೆ ನೀರು ಹಾಕಿಕೊಂಡು ಬಂದು, ತಣ್ಣಗಾದ ಬೇಳೆಗೆ ಬೆಲ್ಲ ಕುಟ್ಟತೊಡಗಿದೆ.