ಗಂಡ ಬರೆದ ಜೋಡಿಚಿತ್ರ

ಡ್ರೆಸ್ಡೆನ್ನಿನ ಚಿತ್ರಶಾಲೆಯಲ್ಲಿ ಒಟ್ಟೀಲಿಯೂ ಕ್ಲೆಮೆನ್ಸನೂ ಒಂದೇ ತರಗತಿಯಲ್ಲಿ ಕಲಿತವರು. ಮದುವೆಯಾದ ಮೇಲೆ ಕುಂಚ ಅವನ ಪಾಲಾಯಿತು, ಕುಂಚ ತೊಳೆಯುವುದು ಇವಳ ಪಾಲಿಗೆ ಬಂತು. ಹನ್ನೊಂದು ವರ್ಷ ಅಂಟಿನಲ್ಲಿ ಸೀಮೆಸುಣ್ಣ ಕಲಸಿ, ಅವನ ಕ್ಯಾನ್ವಾಸುಗಳಿಗೆಲ್ಲ ಬಿಳಿ ಬಳಿದು ಹದ ಮಾಡಿಕೊಟ್ಟವಳು ಇವಳೇ. ಆ ಮಹಾನುಭಾವ ಅದನ್ನು ಒಬ್ಬರ ಮುಂದಾದರೂ ಹೇಳಿದ್ದುಂಟೆ? ಒಟ್ಟೀಲಿ ತಾನು ಬರೆದದ್ದರಲ್ಲಿ ಉಳಿಸಿಕೊಂಡದ್ದು ಒಂದೇ ಚಿತ್ರ: ತೀರಿಹೋದ ಅಮ್ಮ ಆಲೂಗಡ್ಡೆ ಸುಲಿಯುತ್ತ ಕೂತದ್ದು. ಅಮ್ಮನ ಫೋಟೋ ಒಂದೂ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಕ್ಲೆಮೆನ್ಸ್ ಆ ಚಿತ್ರವನ್ನೇ ಗೋಡೆಯಿಂದ ಇಳಿಸಿದ.

“ಇದನ್ನ ಕೆರೆದು ಬಿಳಿ ಬಳಿದಿಡು. ಪ್ರದರ್ಶನಕ್ಕೆ ನಮ್ಮಿಬ್ಬರ ಚಿತ್ರ ಬರೀತೀನಿ. ಈ ಅಳತೇದು ಬೇರೆ ಇಲ್ಲ.”

“ಅದು ನಮ್ಮಮ್ಮ.”

“ಆ ಮುದುಕಿ ಬದುಕಿದ್ದಾಗ್ಲೂ ನನಗೆ ಅಡ್ಡ, ಸತ್ತ ಮೇಲೂ ಅಡ್ಡ. ಶನಿವಾರದೊಳಗೆ ಒಣಗಿರ್ಬೇಕು.”

ಒಟ್ಟೀಲಿಗೆ ಮೈಯೆಲ್ಲ ಉರಿದುಹೋಯಿತು. ಚಾಕು ಹಿಡಿದು ಕೂತಳು. ಅಮ್ಮನ ಕಣ್ಣ ಹತ್ತಿರ ಕೈ ಏಳಲಿಲ್ಲ. ಹಳೆಯ ಬಣ್ಣ ಕೆರೆದು, ಕಲ್ಲಿನಲ್ಲಿ ಉಜ್ಜಿ ಒರಟು ಮಾಡದಿದ್ದರೆ ಮೇಲಿನ ಬಿಳಿ ಕಚ್ಚುವುದಿಲ್ಲ ಎನ್ನುವುದು ಚಿತ್ರಶಾಲೆಯ ಮೊದಲ ವಾರದ ಪಾಠ. ಅವಳು ಚಾಕು ಕೆಳಗಿಟ್ಟಳು. ಅಮ್ಮನ ಮೇಲೆ ನುಣ್ಣಗೆ ವಾರ್ನಿಷ್ ಎಳೆದು, ಅದು ಒಣಗಿದ ಮೇಲೆ ಬಿಳಿ ಬಳಿದಳು. ಕ್ಲೆಮೆನ್ಸ್ ಮುಟ್ಟಿಯೂ ನೋಡಲಿಲ್ಲ. ಹೆಂಡತಿಯ ಕೆಲಸವನ್ನು ಅವನು ಯಾವತ್ತು ನೋಡಿದ್ದ?

ಹದಿನೈದು ದಿನದಲ್ಲಿ ಜೋಡಿಚಿತ್ರ ಮುಗಿಯಿತು. ಮುಂದೆ ಅವನು, ಎದೆ ಸೆಟೆಸಿಕೊಂಡು. ಹಿಂದಿನ ಮೂಲೆಯಲ್ಲಿ ಹಸಿರು ಮುಖದ ಹೆಂಡತಿ.

“ನನ್ನ ಕೈ ಎಲ್ಲಿ?” ಎಂದಳು ಒಟ್ಟೀಲಿ.

“ಇದು ಹೊಸ ಕಾಲದ ಚಿತ್ರ ಕಣೇ. ಬೇಡದ್ದನ್ನ ಬಿಟ್ಟುಬಿಡ್ತೀವಿ.”

ಪ್ರದರ್ಶನದಲ್ಲಿ ಒಲೆಯ ಪಕ್ಕದ ಗೋಡೆಯೇ ಬೇಕೆಂದು ಜಗಳವಾಡಿದವನೂ ಅವನೇ. ಚಳಿಗೆ ಜನ ಅಲ್ಲೇ ಸೇರುತ್ತಾರಲ್ಲ. ಮಾಡಿದ್ದುಣ್ಣೋ ಮಹರಾಯ. ಮೂರನೆಯ ದಿನ ಒಲೆಯ ಕಾವಿಗೆ ಚಿತ್ರದಲ್ಲಿದ್ದ ಅವನ ಹಣೆ ಬಿರುಕುಬಿಟ್ಟಿತು. ನಾಲ್ಕನೆಯ ದಿನ ತುಂಬಿದ ಜನರೆದುರು ಎದೆ ಹೆಕ್ಕಳೆಯೆದ್ದು ನೆಲಕ್ಕೆ ಉದುರಿತು. ಅಲ್ಲಿ ಆಲೂಗಡ್ಡೆ ಹಿಡಿದ ಎರಡು ಕೈ ಕಂಡವು.

“ಈ ಕೈ ಬರೆದವರು ಯಾರು?” ಎಂದು ಯಾರೋ ಕೇಳಿದರು. ಮೂಲೆಯಲ್ಲಿ ನಿಂತಿದ್ದ ಒಟ್ಟೀಲಿ “ನಾನು” ಎಂದಳು.

ಕ್ಲೆಮೆನ್ಸ್ ಚಿತ್ರವನ್ನು ಮನೆಗೆ ತಂದು ಎಸೆದ.

“ಕೆರೆದೇ ಇಲ್ಲ ಅಲ್ವಾ ನೀನು? ನನ್ನ ಮಾನ ಕಳೆದೆ.”

“ಇಲ್ಲ, ಕೆರೆದಿಲ್ಲ. ಈಗ ಕೆರೀತೀನಿ.”

ಅಂದು ಕೆಳಗಿಟ್ಟ ಚಾಕುವನ್ನೇ ತೆಗೆದುಕೊಂಡು, ಹಸಿರು ಮುಖದ ಹೆಂಡತಿಯನ್ನು ಮೊದಲು ಕೆರೆದು ಹಾಕಿದಳು. ಆಮೇಲೆ ಚಿತ್ರದಲ್ಲಿ ಉಳಿದಿದ್ದ ಗಂಡನ ಮುಖವನ್ನು ಒಲೆಯ ಕಡೆಗೆ ತಿರುಗಿಸಿಟ್ಟು, ಅಮ್ಮನಿಗಾಗಿ ಕಾಯುತ್ತ ಕೂತಳು.