ರವಿವಾರದ ಹಾಜರಿ

ನನ್ನ ಮಾತಿಗೆ ‘ಓವರ್’ ಇಲ್ಲ ಎಂಬುದು ನಮ್ಮ ಯಜಮಾನರ ಹಳೆಯ ದೂರು. ರೇಡಿಯೋದಲ್ಲಿ ಮಾತಾಡುವವರು ತಮ್ಮ ಮಾತು ಮುಗಿದಾಗ ‘ಓವರ್’ ಅಂದು ಸುಮ್ಮನಾಗಬೇಕಂತೆ. ಆಗಲೇ ಆಚೆಯವರಿಗೆ ಬಾಯಿ ತೆರೆಯಲು ಅವಕಾಶ. ನಾನು ಬೆಳಿಗ್ಗೆ ಒಲೆ ಹೊತ್ತಿಸುವಾಗ ಶುರುಮಾಡಿದ ಮಾತು ಸಂಜೆ ಹಾಲಿಗೆ ಹೆಪ್ಪು ಹಾಕುವಾಗಲೂ ಮುಗಿದಿರುವುದಿಲ್ಲ, ಒಪ್ಪುತ್ತೇನೆ. ಆದರೆ ದಿನವೆಲ್ಲ ಬೀಜದ ಅಂಗಡಿಯಲ್ಲಿ ಕೂತು, ಮನೆಗೆ ಬಂದರೆ ‘ಹೂಂ’ ಎಂಬ ಒಂದೇ ಅಕ್ಷರದಲ್ಲಿ ಸಂಸಾರ ಮಾಡುವ ಗಂಡನಿಗೆ ಇಂಥ ಹೆಂಡತಿಯನ್ನು ಜೋಡಿಸಿದ್ದು ದೇವರ ಕೃಪೆಯೇ ಸೈ. ಇಬ್ಬರೂ ಸುಮ್ಮನಿರುವವರಾಗಿದ್ದರೆ ಮನೆಯಲ್ಲಿ ಜೇಡ ಬಲೆ ಕಟ್ಟುತ್ತಿತ್ತು.

ಅಂಥ ಮನುಷ್ಯ ರವಿವಾರ ಬೆಳಿಗ್ಗೆ ಏಳಕ್ಕೆ ಬೇರೆಯೇ ಆಗಿಬಿಡುತ್ತಾರೆ. ನಮ್ಮ ಪಡಸಾಲೆಯ ಮೂಲೆಯಲ್ಲಿ ಅವರು ಕೈಯಾರೆ ಜೋಡಿಸಿದ ಒಂದು ಕರಿ ಡಬ್ಬಿ ಇದೆ. ಅದರಿಂದ ಹೊರಟ ತಂತಿ ಮಾಳಿಗೆ ಏರಿ ಹಿತ್ತಲ ಬೇವಿನ ಮರಕ್ಕೆ ಹೋಗುತ್ತದೆ. ಆ ತಂತಿಯ ಮೇಲೆ ಒದ್ದೆ ಸೀರೆ ಹಾಕಬಾರದೆಂಬುದು ಮದುವೆಯಾಗಿ ಬಂದ ನನಗೆ ಈ ಮನೆಯಲ್ಲಿ ಸಿಕ್ಕ ಮೊದಲ ಉಪದೇಶ. ನವಲಗುಂದದ ನಮ್ಮವರು, ಅಣ್ಣಿಗೇರಿ, ಕುಂದಗೋಳ, ಅಳ್ನಾವರದ ಒಬ್ಬೊಬ್ಬರು, ಶಲವಡಿಯ ರುದ್ರಪ್ಪ ಕಾಕಾ, ಇಷ್ಟೇ ಮಂದಿಯ ಹವ್ಯಾಸಿ ರೇಡಿಯೋ ಸಂಘ ಅದು. ಎಲ್ಲರೂ ಪರೀಕ್ಷೆ ಪಾಸು ಮಾಡಿ ಸರಕಾರದ ಲೈಸೆನ್ಸು ಪಡೆದವರು. ತಿಂಗಳಿಗೊಮ್ಮೆ ನಮ್ಮ ಮನೆಯ ಜಮಖಾನೆಯ ಮೇಲೆ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತಾರೆ. ರವಿವಾರಕ್ಕೊಮ್ಮೆ ಅವರವರ ಮನೆಯಲ್ಲೇ ಕೂತು ಗಾಳಿಯಲ್ಲಿ ಸೇರುತ್ತಾರೆ. ಅದಕ್ಕೆ ‘ಹಾಜರಿ’ ಎಂದು ಹೆಸರು.

ಯಜಮಾನರು ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಅವರು ‘ಹಾಜರ್’ ಅಂದು ವಾರದ ಸುದ್ದಿ ಹೇಳುತ್ತಾರೆ. ಅಳ್ನಾವರದವರ ರೇಡಿಯೋ ತಂತಿಯ ಕಂಬ ಗಾಳಿಗೆ ವಾಲಿದೆ. ಅಣ್ಣಿಗೇರಿಯವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ. ಕುಂದಗೋಳದ ಶಿವಪುತ್ರಪ್ಪ ಮಾಸ್ತರರ ಎಮ್ಮೆ ಈದಿದೆ. ಟ್ರಂಕಾಲ್ ಬುಕ್ ಮಾಡಿ ದಿನವಿಡೀ ಕಾಯುವ ಕಾಲದಲ್ಲಿ ಎಮ್ಮೆ ಈದದ್ದು ಹೀಗೆ ನಾಲ್ಕು ಊರಿಗೆ ತಿಳಿಯುವುದು ಸಣ್ಣ ಮಾತೇ? ಆದರೆ ಗಾಳಿಯಲ್ಲಿ ವ್ಯಾಪಾರದ ಮಾತು ಆಡಕೂಡದೆಂಬುದು ಕಾಯಿದೆ. ಹೀಗಾಗಿ ಮಾಸ್ತರರು ಗಿಣ್ಣದ ಹಾಲಿನ ವಿಷಯ ಹೇಳಬಹುದು, ನಮ್ಮವರು ಹತ್ತಿಬೀಜದ ಸುದ್ದಿ ಎತ್ತುವಂತಿಲ್ಲ. ಪಕ್ಕದ ಕೋಣೆಯಲ್ಲಿ ದೇವರ ಜಗಲಿಯ ಮುಂದೆ ಕೂತ ನನಗೆ ಆ ಹಾಜರಿಯೂ ಶಿವನ ನಾಮಾವಳಿಯೂ ಒಂದರೊಳಗೊಂದು ಬೆರೆತು, ಎಷ್ಟೋ ಸಲ ಅಳ್ನಾವರದವರ ಹೆಸರಿಗೂ ಒಂದು ಬಿಲ್ವಪತ್ರಿ ಏರಿಸಿದ್ದೇನೆ. ಅವರಿಗೆ ಒಳ್ಳೆಯದೇ ಆಗಿರಬೇಕು.

ಈ ಎಲ್ಲರಿಗೂ ಗುರು ರುದ್ರಪ್ಪ ಕಾಕಾ. ಹರೆಯದಲ್ಲಿ ಮಿಲಿಟರಿಯಲ್ಲಿ ತಂತಿ ಸುದ್ದಿ ಕಳಿಸುವ ಕೆಲಸ ಮಾಡಿ, ಆಮೇಲೆ ಊರಿಗೆ ಬಂದು ಹೊಲ ಹಿಡಿದವರು. ಪರೀಕ್ಷೆಗೆ ಮೋರ್ಸ್ ಭಾಷೆ ಬರಲೇಬೇಕು. ಅದರಲ್ಲಿ ಮಾತಿಲ್ಲ, ಕೀ ಎಂಬ ಸಣ್ಣ ಗುಂಡಿಯನ್ನು ಒತ್ತಿ ಬಿಟ್ಟು ಮಾಡಿದರೆ ಗಿಡ್ಡ ಸದ್ದು, ಉದ್ದ ಸದ್ದು, ಅವುಗಳ ಜೋಡಣೆಯಿಂದಲೇ ಒಂದೊಂದು ಅಕ್ಷರ. ಕಾಕಾ ಇವರನ್ನೆಲ್ಲ ನಮ್ಮ ಪಡಸಾಲೆಯಲ್ಲೇ ಕೂಡಿಸಿ ಕಲಿಸಿದರು. ಒಬ್ಬೊಬ್ಬರ ಕೈಗೆ ಒಂದೊಂದು ನಡಿಗೆ ಇರುತ್ತದೆ, ಕೇಳಿದರೆ ಇಂಥವರೇ ಎಂದು ತಿಳಿಯುತ್ತದೆ ಅನ್ನುತ್ತಿದ್ದರು. ನನಗೇನೂ ಆಶ್ಚರ್ಯವಾಗಲಿಲ್ಲ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದಿನಲ್ಲೇ ಇವತ್ತು ಬಡಿಯುತ್ತಿರುವುದು ಅತ್ತೆಯೋ ಸೊಸೆಯೋ, ಸೊಸೆಯಾದರೆ ಮನಸ್ಸು ನೆಟ್ಟಗಿದೆಯೋ ಇಲ್ಲವೋ, ಎಲ್ಲ ನಮಗೆ ಗೊತ್ತಾಗುತ್ತದಲ್ಲ! ಇದಕ್ಕೆ ಲೈಸೆನ್ಸು ಕೊಡುವವರಿಲ್ಲ, ಅಷ್ಟೇ.

ಶಿಷ್ಯರು ಪಾಸಾದರು. ಬಾಯಲ್ಲಿ ಮಾತಾಡುವ ಪರವಾನಗಿ ಸಿಕ್ಕಿದ್ದೇ ಕೀಯನ್ನು ಗೂಡಿನಲ್ಲಿಟ್ಟು ಮರೆತರು. ಕಾಕಾ ಬೈಯುತ್ತಿದ್ದರು, ಇವರು ನಗುತ್ತಿದ್ದರು.

ಹೋದ ವರ್ಷ ಕಾಕಾನ ಗಂಟಲಿಗೆ ಬೇನೆ ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಹಾಜರಿಯಲ್ಲಿ ಅವರ ಹೆಸರು ಕರೆದರೆ ಡಬ್ಬಿಯ ಸುಯ್ಯೆನ್ನುವ ಸದ್ದು ಮಾತ್ರ. ಯಜಮಾನರು ತುಸು ಕಾದು ಮುಂದಿನ ಹೆಸರಿಗೆ ಹೋಗುವರು. ಆ ತುಸು ಹೊತ್ತಿನಲ್ಲಿ ನನ್ನ ಕೈಯ ಗಂಟೆಯೂ ನಿಲ್ಲುತ್ತಿತ್ತು.

ಒಂದು ಸಂತೆಯ ದಿನ ಕಾಕಾನ ಹೆಂಡತಿ ಶಾಂತಕ್ಕ ಮನೆಗೆ ಬಂದರು. ಚಹಾ ಕುಡಿಯುವ ಮೊದಲೇ ಬಂದ ವಿಷಯ ಹೇಳಿದರು. ಹಾಜರಿಯಿಂದ ತನ್ನ ಹೆಸರು ತೆಗೆದುಬಿಡಿ ಎಂದು ಕಾಕಾ ಸ್ಲೇಟಿನ ಮೇಲೆ ಬರೆದು ತೋರಿಸಿದ್ದಾರೆ.

“ಡಬ್ಬಿ ಮ್ಯಾಲೆ ಜಮಖಾನಿ ಹೊಚ್ಚಿಬಿಟ್ಟಾರವಾ,” ಅಂದರು ಶಾಂತಕ್ಕ. “ನಾ ಕೀ ಒತ್ತಿದ್ರ ತಿಳ್ಕೊಳ್ಳಾವ್ರು ಯಾರದಾರ ಅಂತ ಬರೀತಾರ. ಊಟಾನೂ ಅರ್ಧಕ್ಕ ಬಿಡ್ತಾರ. ರವಿವಾರ ಮಾತ್ರ ಏಳು ಬಡದ್ರ ಆ ಡಬ್ಬಿ ಬಾಜೂಕ ಹೋಗಿ ಸುಮ್ನ ಕುಂದರತಾರ.”

ಆ ತಿಂಗಳ ಸಭೆಯಲ್ಲಿ ಇದೇ ಮಾತು. ಶಿವಪುತ್ರಪ್ಪ ಮಾಸ್ತರರು ನಿಯಮದ ಮನುಷ್ಯ. ಬಹಳ ದಿನ ಓಗೊಡದವರ ಹೆಸರು ತೆಗೆಯಬೇಕೆಂದು ನಾವೇ ನಿಯಮ ಮಾಡಿದ್ದೇವೆ, ಹಿರಿಯರೂ ತಾವಾಗಿಯೇ ಕೇಳಿದ್ದಾರೆ, ತೆಗೆಯುವುದೇ ಮರ್ಯಾದೆ ಎಂದರು. ಉಳಿದವರು ತಟ್ಟೆ ನೋಡುತ್ತ ಕೂತರು. ಸಂಘದ ವಿಷಯದಲ್ಲಿ ನಾನು ಬಾಯಿ ಹಾಕುವವಳಲ್ಲ. ನನ್ನ ಅಧಿಕಾರ ಅವಲಕ್ಕಿಯವರೆಗೆ. ಆದರೆ ಕೈಯಲ್ಲಿ ಚಹಾದ ತಾಟು, ಬಾಯಿ ಖಾಲಿ, ತಡೆಯಲಾಗಲಿಲ್ಲ.

“ಹೆಸರು ತೆಗೀಬ್ಯಾಡ್ರಿ ಮಾಸ್ತರ,” ಅಂದೆ. “ಅವ್ರಿಗೆ ಮಾತಾಡಾಕ ಬರಂಗಿಲ್ಲ, ಖರೆ. ಕೇಳಾಕ ಬರಂಗಿಲ್ಲೇನು?”

ಆಗ ನಮ್ಮವರು, ಆ ‘ಹೂಂ’ ಮನುಷ್ಯ, ತಲೆ ಎತ್ತಿದರು.

“ಮುಂದಿನ ರವಿವಾರ ಯಾರೂ ಬಾಯಿಲೆ ಮಾತಾಡೂದು ಬ್ಯಾಡ. ಎಲ್ಲಾರೂ ಕೀ ಒತ್ತೂಣು.”

ಎಲ್ಲರ ಮುಖವೂ ಪರೀಕ್ಷೆಯ ಹಿಂದಿನ ದಿನದ ಹುಡುಗರ ಮುಖದಂತಾಯಿತು.

ಆ ವಾರ ನಮ್ಮ ಮನೆಯ ಕತೆ ಕೇಳಬೇಡಿ. ಯಜಮಾನರು ಊಟಕ್ಕೆ ಕೂತರೆ ಚಮಚದಿಂದ ತಾಟಿನ ಅಂಚಿಗೆ ಟಕ್ ಟಕಾ ಟಕ್. ನಾನು ಇನ್ನೊಂದು ರೊಟ್ಟಿ ಬೇಕೇನೋ ಎಂದು ಹಾಕುತ್ತ ಹೋದೆ, ಅವರು ಅಭ್ಯಾಸದ ಗುಂಗಿನಲ್ಲಿ ತಿನ್ನುತ್ತ ಹೋದರು. ವಾರದ ಕೊನೆಗೆ ವಿದ್ಯೆ ಎಷ್ಟು ಬಂತೋ ಕಾಣೆ, ಅಂಗಿಯ ಗುಂಡಿಗಳು ಬಿಗಿಯಾದವು. ನಾನು ಮಾಡಿದ್ದು ಎರಡೇ ಕೆಲಸ. ದೇವರಿಗೆ ಒಂದು ತೆಂಗಿನಕಾಯಿ ಹರಕೆ ಹೊತ್ತೆ. ಸಂತೆಗೆ ಬಂದ ಶಾಂತಕ್ಕನಿಗೆ, ರವಿವಾರ ಏಳಕ್ಕೆ ಜಮಖಾನೆಯ ಕೆಳಗೆ ಕೈ ಹಾಕಿ ಡಬ್ಬಿಯ ಗುಂಡಿ ತಿರುಗಿಸಿಬಿಡಿ, ಮುಂದಿನದು ಶಿವನಿಗೆ ಬಿಡಿ ಎಂದೆ.

ರವಿವಾರ ಬಂತು. ಅವತ್ತು ನಾನು ಪೂಜೆಯನ್ನು ಬೇಗ ಮುಗಿಸಿ ಪಡಸಾಲೆಯ ಬಾಗಿಲಲ್ಲಿ ಕೂತೆ. ಯಜಮಾನರು ಬೆವರುತ್ತ ಕೀ ಒತ್ತಿ ಅಳ್ನಾವರದವರನ್ನು ಕರೆದರು. ಅಳ್ನಾವರದವರು ಎಡವುತ್ತ ತಡವುತ್ತ ‘ಹಾಜರ್’ ಅಂದರು. ಅಣ್ಣಿಗೇರಿಯವರು ಅರ್ಧಕ್ಕೆ ನಿಂತು ಮೊದಲಿನಿಂದ ಶುರುಮಾಡಿದರು. ಶಿವಪುತ್ರಪ್ಪ ಮಾಸ್ತರರ ಸರದಿ ಬಂದಾಗಂತೂ ಬಿರುಸಾಗಿ ಮಳೆ ಹೊಡೆದಂತೆ ಸದ್ದು. ಮಾಸ್ತರರಿಗೆ ಅಕ್ಷರಗಳು ನೆನಪಿದ್ದವು. ಆದರೆ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಕೈ ಎತ್ತಬೇಕೆಂಬುದನ್ನು ಮರೆತಿದ್ದರು. ಎಲ್ಲ ಅಂಟಿಕೊಂಡು, ನೀರು ಹೆಚ್ಚಾದ ರೊಟ್ಟಿ ಹಿಟ್ಟಿನ ಹಾಗೆ, ಕೈಗೆ ಬರುವಂತಿರಲಿಲ್ಲ. ನಮ್ಮವರು ಪೆನ್ನು ಕೆಳಗಿಟ್ಟರು. ಮಾಸ್ತರರು ನಿಲ್ಲಲೇ ಇಲ್ಲ. ಕಾಕಾನ ಹೆಸರು ಇನ್ನೂ ಕರೆದಿರಲಿಲ್ಲ. ಇದನ್ನು ಕೇಳಿ ಅವರು ಡಬ್ಬಿಯ ಮೇಲೆ ಇನ್ನೊಂದು ಜಮಖಾನೆ ಹೊದಿಸುತ್ತಾರೆ ಎಂದುಕೊಂಡು ನಾನು ವಿಭೂತಿಯ ಕೈಯನ್ನೇ ಮತ್ತೆ ಮುಗಿದೆ.

ಅಷ್ಟರಲ್ಲಿ ಮಾಸ್ತರರ ಗದ್ದಲದ ಮೇಲೆ ಇನ್ನೊಂದು ದನಿ ಎದ್ದಿತು. ಮೆಲ್ಲಗೆ, ಸ್ಪಷ್ಟವಾಗಿ, ಎಣಿಸಿ ಇಟ್ಟಂತೆ. ನನಗೆ ಅದರ ಒಂದಕ್ಷರವೂ ಓದಲು ಬರುವುದಿಲ್ಲ. ಆದರೆ ಕಾಕಾ ಮಾತಾಡುವಾಗ ಪ್ರತಿ ಮಾತಿನ ಬಾಲವನ್ನು ತುಸು ಎಳೆಯುತ್ತಿದ್ದರು, ‘ಹೌದ್ರೀ…’ ಎಂದು. ಈ ಸದ್ದೂ ಕೊನೆಗೆ ಹಾಗೇ ಎಳೆಯಿತು. ನಾನು ಎದ್ದು ನಿಂತೆ. ಅಷ್ಟರಲ್ಲಿ ಪೆನ್ನು ಹುಡುಕಿ ಬರೆದುಕೊಂಡಿದ್ದ ಯಜಮಾನರು ಓದಿದರು:

“ಲೇ ಮಾಸ್ತರಾ, ನಡುವ ಜಾಗಾ ಬಿಡೋ.”

ಆಮೇಲೆ ನಡೆದದ್ದು ಹಾಜರಿಯಲ್ಲ, ಪಾಠ. ಕಾಕಾ ಒಬ್ಬೊಬ್ಬರಿಂದಲೂ ಅವರವರ ಹೆಸರನ್ನೇ ಮತ್ತೆ ಮತ್ತೆ ಹೊಡೆಸಿದರು. ಮುಂದಿನ ಸಂತೆಗೆ ಶಾಂತಕ್ಕ ಹೇಳಿದ ಪ್ರಕಾರ, ಮೊದಲು ಡಬ್ಬಿ ಸದ್ದು ಮಾಡಿದಾಗ ಕಾಕಾ ಹೆಂಡತಿಯನ್ನು ದುರುಗುಟ್ಟಿ ನೋಡಿದರಂತೆ. ಅಳ್ನಾವರ, ಅಣ್ಣಿಗೇರಿ ಮುಗಿಯುವತನಕ ಹಲ್ಲು ಕಚ್ಚಿ ಕೂತಿದ್ದರಂತೆ. ಮಾಸ್ತರರು ಶುರುಮಾಡಿದಾಗ ಮಾತ್ರ ತಡೆಯಲಾರದೆ ಜಮಖಾನೆಯನ್ನು ಕಿತ್ತು ಎಸೆದರಂತೆ. ಎಸೆದದ್ದು ಹೋಗಿ ಮೊಸರಿನ ಗಡಿಗೆಯ ಮೇಲೆ ಬಿತ್ತಂತೆ. ಗಡಿಗೆ ಒಡೆಯಲಿಲ್ಲ. ಅದನ್ನೂ ನಾನು ದೇವರ ಲೆಕ್ಕಕ್ಕೇ ಬರೆದೆ, ಕಾಯಿಯನ್ನೂ ಒಡೆಸಿದೆ.

ನಾವು ಕಾಕಾನನ್ನು ಗೌರವದಿಂದ ಕರೆಯಬೇಕೆಂದುಕೊಂಡಿದ್ದೆವು. ಅವರನ್ನು ಎಬ್ಬಿಸಿದ್ದು ಗೌರವವಲ್ಲ, ಶಿಷ್ಯನ ತಪ್ಪು. ಈಗ ಹಾಜರಿ ಅರ್ಧ ಬಾಯಲ್ಲಿ, ಅರ್ಧ ಕೀಯಲ್ಲಿ ನಡೆಯುತ್ತದೆ. ಕಾಕಾನ ಹೆಸರು ಇದ್ದಲ್ಲೇ ಇದೆ. ಊಟ ಪೂರ್ತಿ ಮಾಡುತ್ತಾರೆ, ಮಾಸ್ತರರನ್ನು ಪೂರ್ತಿ ಬೈಯುತ್ತಾರೆ. ಮಾಸ್ತರರು ಸುಧಾರಿಸಿದ್ದಾರಂತೆ, ಪೂರ್ತಿ ಸುಧಾರಿಸದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತೇನೆ.

ಆದರೆ ಆ ರವಿವಾರ ಮಾಸ್ತರರಿಗೆ ಬಿದ್ದ ಮಾತು ಬಾಗಿಲಲ್ಲಿ ನಿಂತಿದ್ದ ನನಗೂ ಬಿತ್ತು ಎಂದು ಹೇಳಬೇಕು. ನನ್ನ ಪೂಜೆ ಹೇಗಿರುತ್ತಿತ್ತು? ಮಗನ ಕೆಮ್ಮು, ಅಂಗಡಿ, ಮಳೆ, ನನ್ನ ಮೊಣಕಾಲು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ ಗಂಟೆ ಬಾರಿಸಿ ಎದ್ದುಬಿಡುತ್ತಿದ್ದೆ. ಆ ಶಿವನಿಗೂ ಏನಾದರೂ ಹೇಳುವುದಿದ್ದರೆ ಎಲ್ಲಿ ಹೇಳಬೇಕು, ಪಾಪ. ಹಾಗಾಗಿ ಈಗ ಬೇಡುವುದರ ನಡುವೆ ಸುಮ್ಮನೆ ಕೂತು ತುಸು ಜಾಗ ಬಿಡುತ್ತೇನೆ.

ಅವನು ಇನ್ನೂ ಏನೂ ಹೇಳಿಲ್ಲ. ನಿನ್ನೆ ಮಾತ್ರ, ಹಾಗೆ ಸುಮ್ಮನೆ ಕೂತಾಗ, ಒಲೆಯ ಮೇಲೆ ಹಾಲು ಏರುವ ಸದ್ದು ಕೇಳಿಸಿತು. ಓಡಿಹೋಗಿ ಇಳಿಸಿದೆ. ಒಂದು ಹನಿಯೂ ಚೆಲ್ಲಲಿಲ್ಲ.