ಮೊದಲು ಕುದುರೆ, ಆಮೇಲೆ ಸವಾರ

ನಂಬಬೇಡಿ. ನನ್ನ ಮಾತು ನಂಬಿ ಕೆಟ್ಟೋರು ಲಷ್ಕರ್ ಮೊಹಲ್ಲದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದ್ರೂ ಕೇಳಿ: ಕುದುರೆ ಪಡೆಯ ಹಳೇ ದಫೇದಾರರ ಮಂಚದ ಮೇಲೆ, ತೊಲೆಯಿಂದ, ಜೀನಿನ ಎರಡು ರಿಕಾಪು ನೇತಾಡ್ತಿದ್ವು. ಸವಾರ ಕಾಲಿಡೋ ಆ ಕಬ್ಬಿಣದ ಬಳೆಗಳನ್ನ ಕೈಲಿ ಹಿಡ್ಕೊಂಡು ಮುದುಕರು 'ಹುಪ್' ಅಂತ ಎದ್ದು ಒಂಟಿ ಕಾಲ ಮೇಲೆ ನಿಂತ್ಬುಡೋರು. ಇನ್ನೊಂದು ಕಾಲು ದೊಡ್ಡ ಯುದ್ಧದಲ್ಲಿ, ಯಾವುದೋ ಮರಳುಗಾಡಲ್ಲಿ ಉಳ್ಕೊಂಡಿತ್ತು. "ಅದಕ್ಕೆ ಆ ಜಾಗ ಹಿಡಿಸ್ತು ಕಣೋ, ಬರಲ್ಲ ಅಂತು" ಅನ್ನೋರು.

ರಿಕಾಪು ಕಟ್ಟಿದ್ದು ನಾನೇ. ಟಾಂಗಾ ರಿಪೇರಿ ಮಾಡ್ಕೊಂಡು ಎದುರುಮನೇಲಿದ್ದೆ. ಇಂಥ ತಲೆ ಮೈಸೂರಲ್ಲಿ ಇನ್ಯಾರಿಗಿತ್ತು ಹೇಳಿ!

ಆದ್ರೆ ಸ್ನಾನ, ಹಾಸಿಗೆ, ಮೋಟುಗಾಲಿಗೆ ಎಣ್ಣೆ ಎಲ್ಲ ಸೊಸೆ ಮೇಲೆ. ಮಗ ರೈಲ್ವೇಲಿ, ಅರಸೀಕೆರೆ ಕಡೆ. ಆಯಮ್ಮನ್ನ ನಾನು ಅಕ್ಕ ಅಂತಿದ್ದೆ. ಮಾವನಿಗೆ ಬಡಿಸಿ, ಮಲಗಿಸಿ, ಪಾತ್ರೆ ತೊಳೆದು, ಏನಾದ್ರೂ ಉಳಿದಿದ್ರೆ ಉಣ್ಣೋಳು. ಒಂದಿನ ನಲ್ಲಿ ಹತ್ರ ಕೊಡ ಸಮೇತ ಬಿದ್ಬುಟ್ಲು. ನೋಡಿದ ಡಾಕ್ಟರು, "ರೋಗ ಏನಿಲ್ಲ, ಹೊಟ್ಟೇಲೂ ಏನಿಲ್ಲ. ಹೀಗೇ ಆದ್ರೆ ಈಕೆ ಉಳಿಯಲ್ಲ" ಅಂದ್ರು.

ಮಾರನೇ ದಿನ ದಫೇದಾರರು ತಟ್ಟೆ ತಳ್ಬುಟ್ರು.

"ಪಡೆಯಲ್ಲಿ ಮೊದ್ಲು ಕುದುರೆ ತಿನ್ಬೇಕು, ಆಮೇಲೆ ಸವಾರ. ನೀನು ಉಣ್ಣಮ್ಮ. ಅಲ್ಲೀವರ್ಗೂ ನಾನು ಮುಟ್ಟಲ್ಲ."

"ನನ್ನನ್ನ ಕುದುರೆ ಅಂತೀರಾ ಮಾವ?"

"ಕುದುರೆ ಅಂದ್ರೆ ಸುಮ್ನೆ ಅಂದ್ಕೊಂಡ್ಯಾ? ನಿಮ್ಮತ್ತೆ ಹತ್ರ ಮಾತಾಡಿದ್ದಕ್ಕಿಂತ ಕುದುರೆ ಹತ್ರ ಮಾತಾಡಿದ್ದೇ ಹೆಚ್ಚು ಕಣಮ್ಮ."

"ಮಾವನಿಗಿಂತ ಮುಂಚೆ ಉಂಡ್ರೆ ಬೀದಿಯೋರು ಏನಂತಾರೆ?"

ಇಬ್ರೂ ಹಟಮಾರಿಗಳು. ಮಧ್ಯಾಹ್ನ ಹೋಯ್ತು, ಸಂಜೆ ಆಯ್ತು, ಮುದ್ದೆ ಕಲ್ಲಾಯ್ತು. ನಾನು ಸುಮ್ನಿರ್ತೀನಾ? ದಫೇದಾರರ ಹಳೇ ಪೇಟ ತಲೆಗಿಟ್ಟು, ಟಾಂಗಾ ಚಾವಟಿ ಹಿಡಿದು ಬಾಗಿಲಿಗೆ ಅಡ್ಡ ನಿಂತ್ಬುಟ್ಟೆ. ಪಕ್ಕದ್ಮನೆ ಅಜ್ಜಿ ಹೆಪ್ಪಿಗೆ ಮಜ್ಜಿಗೆ ಕೇಳೋಕೆ ಬಂದ್ರು.

"ಒಳಗೆ ಬಿಡೋ ಹಾಗಿಲ್ಲ ಅಜ್ಜಿ, ಕುದುರೆ ಉಣ್ತಾ ಇದೆ!"

"ಯಾವ ಕುದುರೆನೋ ಮುಂಡೇದೇ?"

"ನನ್ನನ್ನ ಹೊತ್ತಿರೋ ಕುದುರೆ ಕಣ್ರೀ!" ಅಂತ ಒಳಗಿಂದ ದಫೇದಾರರು ಗುಡುಗಿದ್ರು.

ಅಕ್ಕನಿಗೆ ನಗು ತಡೀಲಿಲ್ಲ. ನಗ್ತಾನೇ ಗೋಡೆ ಕಡೆ ತಿರುಗಿ ಕೂತು ಮೊದಲ ತುತ್ತು ಬಾಯಿಗಿಟ್ಲು.

ಆಮೇಲೆ ಭಾನುವಾರಕ್ಕೂ ಒಂದು ಕಾನೂನು ಬಂತು. ಅವತ್ತು ಜೀನು ಇಳಿಸೋ ದಿನ. ಅಕ್ಕ ಚರ್ಚಿಗೆ ಹೋಗಿ, ಅಲ್ಲಿಂದ ತಂಗಿ ಮನೆಗೆ ಹೋಗಿ, ದೀಪ ಹಚ್ಚೋ ಹೊತ್ತಿಗೆ ಬರೋಳು. ಅಲ್ಲೀವರ್ಗೂ ಮುದುಕರ ಹತ್ರ ನನ್ನ ಪಾರಾ, ನನ್ನದೇ ಕಾವಲು. ನಾನು ಮೈಯುಜ್ಜಿದ್ರೆ, "ನಿಧಾನ ಕಣೋ ಕತ್ತೆ, ನಾನು ಟಾಂಗಾ ಚಕ್ರ ಅಲ್ಲ" ಅನ್ನೋರು. ಒಂದ್ಸಲ ಮಾತ್ರ ಮೆಲ್ಲಗೆ ಹೇಳಿದ್ರು: "ಬೆನ್ನು ಆರೋಕೆ ಬಿಡದೆ ಮತ್ತೆ ಜೀನು ಬಿಗಿದ್ರೆ ಎಂಥ ಕುದುರೇನೂ ಕುಸಿಯುತ್ತೆ ಕಣೋ. ನಾನು ನೋಡಿದ್ದೀನಿ."

ಕೊನೆಗೊಂದು ಮಧ್ಯಾಹ್ನ ಅಕ್ಕ ಉಂಡು, ಕೈ ತೊಳೆದು, ಅವರ ತಟ್ಟೆ ತಂದ್ಲು. ದಫೇದಾರರು ಹೋಗ್ಬುಟ್ಟಿದ್ರು.

ಮಣ್ಣಾದ್ಮೇಲೂ ಆಯಮ್ಮ ಅನ್ನ ಮುಟ್ಟಲಿಲ್ಲ. "ಅವರ ಪ್ರಾಣ ಹೋಗೋವಾಗ ನಾನು ಉಣ್ತಾ ಕೂತಿದ್ದೆ ಕಣಪ್ಪ" ಅನ್ನೋದೊಂದೇ ಮಾತು. ನಾನಂದೆ: "ನಾನು ಕಿಟಕಿ ಹತ್ರಾನೇ ಇದ್ನಲ್ಲ ಅಕ್ಕ. 'ಕುದುರೆ ಉಣ್ತಾ ಇದ್ಯೇನೋ?' ಅಂತ ಕೇಳಿದ್ರು. 'ಉಣ್ತಾ ಇದೆ' ಅಂದೆ. ನಕ್ಕು ಕಣ್ಮುಚ್ಚಿದ್ರು."

ಅಕ್ಕ ತುಂಬ ಹೊತ್ತು ನನ್ನನ್ನೇ ನೋಡಿದ್ಲು. ಆಮೇಲೆ ತಟ್ಟೆ ಹತ್ರಕ್ಕೆಳ್ಕೊಂಡ್ಲು.

ಇಷ್ಟು ಕಥೇಲಿ ನಾನು ಸುಳ್ಳು ಕಟ್ಟಿದ್ದು ಅದೊಂದೇ. ಅವತ್ತು ಕಿಟಕಿ ಹತ್ರ ನಾನಿರ್ಲಿಲ್ಲ. ನಮ್ಮನೇಲಿ ಹೊಟ್ಟೆ ತುಂಬ ಉಂಡು ಮಲಗಿದ್ದೆ.